ಇಬ್ಬರ ಮನೆಯ ಅಡುಗೆ: ಹೊಸದಾಗಿ ಸಂಸಾರ ಹೂಡಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆಯಾಗಿ ಬಾಡಿಗೆ ಮನೆ ಹಿಡಿದವರು, ಪಿಜಿ ಊಟಕ್ಕೆ ಬೇಸತ್ತು ಗೆಳತಿಯ ಜೊತೆ ಮನೆ ಮಾಡಿದವರು, ಕೆಲಸಕ್ಕೆಂದು ಊರು ಬಿಟ್ಟವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಹಬ್ಬದಡುಗೆ ಇಲ್ಲಿಲ್ಲ. ಸಂಜೆ ಬಂದು ಕೈಕಾಲು ತೊಳೆದು ಮುಕ್ಕಾಲು ಗಂಟೆಯೊಳಗೆ ತಟ್ಟೆಗೆ ಬಡಿಸಬಹುದಾದ, ಹೊಟ್ಟೆಗೆ ಹಿತವಾದ ಸಸ್ಯಾಹಾರ ಇದೆ. ಬೇರೆ ಹೇಳದಿದ್ದರೆ ಅಳತೆ ಇಬ್ಬರಿಗೆ. ಕಪ್ ಅಂದರೆ ಸುಮಾರು 200 ಮಿಲಿ ಹಿಡಿಯುವ ಲೋಟ.

ಇಬ್ಬರಿಗೂ ಅಡುಗೆ ಬರಲ್ಲ. ಮೊದಲು ಏನು ಕಲಿಯಬೇಕು?

ಸಾರು. ಪಲಾವ್, ಪನೀರ್ ಆಮೇಲೆ ನೋಡೋಣ. ಸಾರು ಬಂತೆಂದರೆ ಬೇಳೆ ಬೇಯಿಸುವುದು, ಹುಣಸೆಹುಳಿ ಕುದಿಸುವುದು, ಉಪ್ಪು-ಹುಳಿ-ಖಾರದ ಹದ ನೋಡುವುದು, ಒಗ್ಗರಣೆ ಹಾಕುವುದು ಎಲ್ಲ ಕೈಗೆ ಬಂದಂತೆ. ಹುಳಿ, ಗೊಜ್ಜು, ಬಿಸಿಬೇಳೆಬಾತ್ ನಿಂತಿರುವುದೂ ಇವುಗಳ ಮೇಲೆಯೇ.

ಕಾಲು ಕಪ್ ತೊಗರಿಬೇಳೆ ತೊಳೆದು, ಒಂದು ಕಪ್ ನೀರು, ಚಿಟಿಕೆ ಅರಿಶಿನ, ಎರಡು ಹನಿ ಎಣ್ಣೆ ಹಾಕಿ ಕುಕ್ಕರಿನಲ್ಲಿ ನಾಲ್ಕು ವಿಷಲ್ ಕೂಗಿಸಿ. ಎಣ್ಣೆ ಯಾಕೆಂದರೆ ಬೇಳೆ ನೊರೆಯಾಗಿ ಉಕ್ಕಿ ವಿಷಲ್ ತೂತಿನಿಂದ ಹೊರಗೆ ಚಿಮ್ಮದಿರಲಿ ಎಂದು. ಅದು ಬೇಯುವಷ್ಟರಲ್ಲಿ ಇನ್ನೊಂದು ಒಲೆಯ ಮೇಲೆ ಎರಡು ಹಣ್ಣಾದ ಟೊಮೆಟೊ ಹೆಚ್ಚಿ ಹಾಕಿ, ಸಣ್ಣ ಗೋಲಿ ಗಾತ್ರದ ಹುಣಸೆಯ ರಸ, ಒಂದೂವರೆ ಚಮಚ ಸಾರಿನ ಪುಡಿ, ಉಪ್ಪು, ಅಡಿಕೆಯಷ್ಟು ಬೆಲ್ಲ, ಎರಡು ಕಪ್ ನೀರು ಸೇರಿಸಿ ಕುದಿಯಲು ಬಿಡಿ. ಹುಣಸೆಯ ಹಸಿ ವಾಸನೆ ಪೂರ್ತಿ ಹೋಗಬೇಕು. ಹೊಸಬರು ಅವಸರ ಮಾಡುವುದು ಇಲ್ಲೇ. ಆರೇಳು ನಿಮಿಷ ಕುದಿಯಲಿ. ಆಮೇಲೆ ಬೇಳೆಯನ್ನು ಕಡೆಗೋಲಿನಿಂದಲೋ ಸೌಟಿನಿಂದಲೋ ಮಸೆದು ಸೇರಿಸಿ. ಮೇಲೆ ನೊರೆ ಕಟ್ಟಿ ಉಕ್ಕಿ ಬಂದ ಕೂಡಲೇ ಒಲೆ ಆರಿಸಿ. ಬೇಳೆ ಸೇರಿದ ಮೇಲೆ ಗಳಗಳ ಕುದಿಸಿದರೆ ಘಮವೆಲ್ಲ ಗಾಳಿಗೆ. ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವು, ಒಂದು ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ಕೊತ್ತಂಬರಿ ಸೊಪ್ಪು ಉದುರಿಸಿ ಮುಚ್ಚಿಡಿ. ಐದು ನಿಮಿಷ ಬಿಟ್ಟು ಬಡಿಸಿದರೆ ರುಚಿಯೇ ಬೇರೆ.

ಪಾತ್ರೆ ಏನೇನು ಕೊಳ್ಳಬೇಕು?

ಸೆಟ್ ಕೊಳ್ಳಬೇಡಿ. ಮೂರು ಲೀಟರಿನ ಕುಕ್ಕರ್ ಒಂದು, ಅದರೊಳಗೆ ಕೂರುವ ಎರಡು ಪಾತ್ರೆ, ಕಬ್ಬಿಣದ ಬಾಣಲೆ, ದೋಸೆ ಕಾವಲಿ, ಒಗ್ಗರಣೆ ಸೌಟು, ಇಕ್ಕಳ, ಮಿಕ್ಸಿ ಸಾಕು. ಹಿಟ್ಟು ರುಬ್ಬುವ ಗ್ರೈಂಡರನ್ನು ಯಾರಾದರೂ ಉಡುಗೊರೆ ಕೊಟ್ಟರೆ ಬೇಡ ಅನ್ನಬೇಡಿ, ದುಡ್ಡು ಕೊಟ್ಟು ಮಾತ್ರ ಈಗಲೇ ತರಬೇಡಿ. ಗ್ಯಾಸ್ ಸಂಪರ್ಕ ಇನ್ನೂ ಸಿಗದಿದ್ದರೆ 5 ಕಿಲೋ ಸಿಲಿಂಡರ್ ಸಿಗುತ್ತದೆ, 14.2 ಕಿಲೋದ ದೊಡ್ಡದು ಬರುವವರೆಗೆ ಅದರಲ್ಲೇ ನಡೆಯುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ. ಅದು ಸಡಿಲವಾಗಿ ಕೈಕೊಡುವುದು ಅಂಗಡಿ ಮುಚ್ಚಿದ ಮೇಲೆಯೇ.

ಅಕ್ಕಿ ಎಷ್ಟು ಹಾಕಬೇಕು? ದಿನಾ ಉಳಿಯುತ್ತೆ.

ಅನ್ನವೇ ಮುಖ್ಯ ಊಟವಾದರೆ ಇಬ್ಬರಿಗೆ ಮುಕ್ಕಾಲು ಕಪ್ ಸೋನಾ ಮಸೂರಿ ಸಾಕು. ಮೆತ್ತಗೆ ಬೇಕಾದರೆ ಒಂದಕ್ಕೆ ಎರಡೂವರೆಯಂತೆ ನೀರು, ಚಿತ್ರಾನ್ನಕ್ಕೆ ಉದುರುದುರಾಗಿ ಬೇಕಾದರೆ ಒಂದಕ್ಕೆ ಎರಡು. ಹೊಸ ಅಕ್ಕಿ ಕಡಿಮೆ ನೀರು ಕುಡಿಯುತ್ತದೆ, ಹಳೆಯದು ಹೆಚ್ಚು. ಹಾಗಾಗಿ ಚೀಲ ಬದಲಾದಾಗ ಮೊದಲ ದಿನದ ಅನ್ನ ನೋಡಿ ಅಳತೆ ತಿದ್ದಿಕೊಳ್ಳಿ.

ಬೇಳೆ ಎಷ್ಟು ವಿಷಲ್ ಕೂಗಿಸಿದರೂ ಬೇಯುತ್ತಿಲ್ಲ. ಕುಕ್ಕರ್ ಕೆಟ್ಟಿದೆಯೇ?

ಕುಕ್ಕರನ್ನು ಆಮೇಲೆ ಬೈಯಿರಿ, ಮೊದಲು ನೀರು ನೋಡಿ. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಬರುವುದು ಬೋರ್‌ವೆಲ್‌ನ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ ಬೇಳೆಯ ತಿರುಳನ್ನು ಬಿಗಿ ಮಾಡಿ ಕರಗಲು ಬಿಡುವುದಿಲ್ಲ. ಬೇಳೆ ಬೇಯಿಸುವಷ್ಟಕ್ಕೆ ಕುಡಿಯುವ ಆರ್‌ಒ ಫಿಲ್ಟರ್ ನೀರು ಬಳಸಿ ನೋಡಿ, ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ಎರಡನೆಯದು, ಬೇಳೆಯ ಜೊತೆಗೇ ಹುಣಸೆ, ಟೊಮೆಟೊ ಹಾಕಿ ಕೂಗಿಸುವುದು. ಹುಳಿ ತಾಗಿದ ಬೇಳೆ ಬೇಗ ಬೇಯದು. ಬೇಳೆ ಬೆಂದ ಮೇಲೆ ಹುಳಿ ಹಾಕುವ ಕ್ರಮ ಬಂದದ್ದು ಇದಕ್ಕೇ. ಮೂರನೆಯದು, ಹಳೆಯ ದಾಸ್ತಾನು. ವರ್ಷ ಕಳೆದ ಬೇಳೆಯನ್ನು ಅರ್ಧ ಗಂಟೆ ನೆನೆಸಿ. ಅಡುಗೆ ಸೋಡಾ ಹಾಕಿದರೆ ಬೇಗ ಬೇಯುವುದು ನಿಜ, ಆದರೆ ಬಿ1 ಜೀವಸತ್ವ ನಾಶವಾಗುತ್ತದೆ, ಬಾಯಿಗೂ ಸಾಬೂನಿನ ರುಚಿ.

ಸಾರಿನ ಪುಡಿ ಅಂಗಡಿಯದ್ದೇ ಸಾಕೇ?

ಸಾಕು. ಊರಿಂದ ಅಮ್ಮ ಕಳಿಸಿದರೆ ಇನ್ನೂ ಒಳ್ಳೆಯದು. ಮನೆಯಲ್ಲೇ ಮಾಡುವ ಹುಮ್ಮಸ್ಸಿದ್ದರೆ ಒಂದು ಕಪ್ ಕೊತ್ತಂಬರಿ ಬೀಜಕ್ಕೆ ಕಾಲು ಕಪ್ ಜೀರಿಗೆ, ಎರಡು ದೊಡ್ಡ ಚಮಚ ಕಾಳುಮೆಣಸು, ಒಂದೊಂದು ಸಣ್ಣ ಚಮಚ ಮೆಂತ್ಯ ಮತ್ತು ಸಾಸಿವೆ, ಇಪ್ಪತ್ತರಷ್ಟು ಬ್ಯಾಡಗಿ, ಖಾರಕ್ಕೆ ಐದಾರು ಗುಂಟೂರು, ಒಂದು ಹಿಡಿ ಕರಿಬೇವು, ಇಂಗು. ಒಂದೊಂದನ್ನೂ ಬೇರೆಬೇರೆಯಾಗಿ, ಸಣ್ಣ ಉರಿಯಲ್ಲಿ ಹುರಿಯಬೇಕು. ಕೊತ್ತಂಬರಿ ಘಮ್ಮೆನ್ನುವ ಹೊತ್ತಿಗೆ ಮೆಂತ್ಯ ಕಪ್ಪಾಗಿ ಕಹಿಯಾಗಿರುತ್ತದೆ, ಒಟ್ಟಿಗೆ ಹಾಕಿದರೆ ಕೆಟ್ಟಿತು. ಪೂರ್ತಿ ಆರಿದ ಮೇಲೆ ಪುಡಿ ಮಾಡಿ.

ಬ್ಯಾಡಗಿಯನ್ನೇ ಹೇಳುವುದೇಕೆಂದರೆ ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಬರೀ ಗುಂಟೂರು ಹಾಕಿ ಕೆಂಪು ಬರಿಸಲು ಹೊರಟರೆ ಸಾರು ಕುಡಿಯುವುದಕ್ಕಿಂತ ನೀರು ಕುಡಿಯುವುದೇ ಹೆಚ್ಚಾದೀತು.

ವಾರದ ದಿನ ಪ್ರತಿ ರಾತ್ರಿ ಹೊಸ ಅಡುಗೆ ಮಾಡಲು ಆಗಲ್ಲ. ಏನು ದಾರಿ?

ಹೊಸ ಅಡುಗೆ ಬೇಡ, ಬೆಂದ ಬೇಳೆ ಇದ್ದರೆ ಸಾಕು. ಭಾನುವಾರ ರಾತ್ರಿ ಒಂದು ಕಪ್ ತೊಗರಿಬೇಳೆ ಗಟ್ಟಿಯಾಗಿ ಬೇಯಿಸಿ, ಆರಿಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಫ್ರಿಜ್‌ಗೆ ಹಾಕಿ. ಮೂರು ದಿನ ಏನೂ ಆಗುವುದಿಲ್ಲ. ಉಪ್ಪು, ಹುಳಿ ಏನೂ ಹಾಕಬೇಡಿ, ಸಪ್ಪೆಯಾಗಿದ್ದರೆ ಯಾವ ಕಡೆಗಾದರೂ ತಿರುಗಿಸಬಹುದು. ಸೋಮವಾರ ಅದರಲ್ಲಿ ಒಂದು ಪಾಲು ಸಾರಾಗಲಿ. ಮಂಗಳವಾರ ಶುಂಠಿ, ಹಸಿಮೆಣಸು, ಇಂಗಿನ ಒಗ್ಗರಣೆ ಕೊಟ್ಟು ಕೊನೆಗೆ ನಿಂಬೆ ಹಿಂಡಿದರೆ ತೊವ್ವೆ, ಹತ್ತೇ ನಿಮಿಷ. ಬುಧವಾರ ಸೋರೆಕಾಯಿಯೋ ಹುರುಳಿಕಾಯಿಯೋ ಬೇಯಿಸಿ, ತೆಂಗಿನತುರಿ ಜೊತೆ ಹುಳಿಪುಡಿ ರುಬ್ಬಿ ಹಾಕಿದರೆ ಹುಳಿ. ನುಗ್ಗೆಕಾಯಿ ಸಿಕ್ಕರೆ ಇನ್ನೂ ಚೆಂದ.

ಸೊಪ್ಪು ತಂದ ದಿನ ಬಸ್ಸಾರು ಮಾಡಿ. ಅವತ್ತು ಬೇಳೆಯನ್ನು ತೀರಾ ಕರಗಿಸದೆ ಹೊಸದಾಗಿ ಬೇಯಿಸಿ, ದಂಟಿನ ಸೊಪ್ಪೋ ಸಬ್ಬಸಿಗೆಯೋ ಸೇರಿಸಿ, ನೀರು ಬಸಿದುಕೊಳ್ಳಿ. ಬಸಿದ ಆ ನೀರಿಗೆ ಬಾಡಿಸಿದ ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿ, ಖಾರದ ಪುಡಿ, ಹುಣಸೆ ಮತ್ತು ಒಂದು ಹಿಡಿ ಬೆಂದ ಸೊಪ್ಪು-ಬೇಳೆ ರುಬ್ಬಿ ಹಾಕಿದರೆ ಸಾರು. ಉಳಿದ ಸೊಪ್ಪು-ಬೇಳೆಗೆ ಒಗ್ಗರಣೆ, ತೆಂಗಿನತುರಿ ಬಿದ್ದರೆ ಪಲ್ಯ. ಒಂದೇ ಕುಕ್ಕರಿನಿಂದ ಎರಡು ಪದಾರ್ಥ. ಮಂಡ್ಯ, ಮೈಸೂರು, ಹಾಸನ ಕಡೆಯ ಹೊಲಮನೆ ಕೆಲಸದವರ ಈ ಅಡುಗೆ ಆಫೀಸಿಗೆ ಹೋಗುವ ಇಬ್ಬರಿಗೆಂದೇ ಯಾರೋ ಯೋಚಿಸಿ ಮಾಡಿಟ್ಟಂತಿದೆ.

ಬಸ್ಸಾರಿಗೆ ಮುದ್ದೆ ಬೇಕಲ್ಲ. ಮುದ್ದೆ ಕಟ್ಟಿದರೆ ಒಳಗೆಲ್ಲ ಗಂಟು.

ಎರಡು ಕಪ್ ನೀರಿಗೆ ಒಂದು ಚಮಚ ರಾಗಿಹಿಟ್ಟು ಕದಡಿ, ಚಿಟಿಕೆ ಉಪ್ಪು ಹಾಕಿ ಕುದಿಸಿ. ಕುದಿ ಬಂದ ಮೇಲೆ ಒಂದು ಕಪ್ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು ಸುಮ್ಮನಿರಿ. ಕೈ ತಡೆಯದೆ ತಿರುವಿದರೆ ಅಲ್ಲೇ ಗಂಟು ಹುಟ್ಟುವುದು. ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಹಿಟ್ಟು ಬೇಯಲಿ, ಆಮೇಲೆ ಕೋಲಿನಿಂದ ಪಾತ್ರೆಯ ಬದಿಗೆ ಒತ್ತಿ ಒತ್ತಿ ತೊಳಸಿ. ಒದ್ದೆ ಕೈಯಲ್ಲಿ ಬಿಸಿ ಇರುವಾಗಲೇ ಕಟ್ಟಬೇಕು. ಮುಟ್ಟಿದರೆ ಕೈಗೆ ಅಂಟದಿದ್ದರೆ ಬೆಂದಿದೆ.

ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಸುಳಿಯವು.

ಅನ್ನ-ಸಾರು ತಿಂದರೆ ಪ್ರೋಟೀನ್ ಎಲ್ಲಿ ಬರುತ್ತೆ ಅಂತ ಜಿಮ್‌ನವರು ಹೆದರಿಸ್ತಾರೆ.

ಹೆದರಿಸುವುದರಲ್ಲಿ ಸ್ವಲ್ಪ ನಿಜವಿದೆ. ತೊಗರಿಬೇಳೆಯಲ್ಲಿ ನೂರು ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್. ಮೇಲೆ ಹೇಳಿದ ಸಾರಿಗೆ ಬಿದ್ದಿರುವುದು 40 ಗ್ರಾಂ ಚಿಲ್ಲರೆ ಬೇಳೆ, ಅಂದರೆ ತಲೆಗೆ ನಾಲ್ಕೈದು ಗ್ರಾಂ ಅಷ್ಟೆ. ತಿಳಿಸಾರೊಂದನ್ನೇ ನೆಚ್ಚಿಕೊಳ್ಳಬೇಡಿ. ಪಕ್ಕದಲ್ಲಿ ಹೆಸರುಬೇಳೆ ಕೋಸಂಬರಿ ಇರಲಿ, ಮೊಳಕೆ ಬಂದ ಹುರುಳಿ ಅಥವಾ ಹೆಸರುಕಾಳಿನ ಉಸಲಿ ಇರಲಿ, ಕೊನೆಗೆ ಮೊಸರು ಬರಲಿ. ಹೀಗಾದರೆ ಪುಡಿ ಡಬ್ಬಕ್ಕೆ ಸಾವಿರಗಟ್ಟಲೆ ಸುರಿಯುವ ಅವಸರ ಕಾಣುವುದಿಲ್ಲ.

ತೀರಾ ಸುಸ್ತಾಗಿ ಬಂದ ದಿನ ಏನು ಮಾಡುವುದು? ಆರ್ಡರ್ ಮಾಡಿಬಿಡೋಣ ಅನ್ನಿಸುತ್ತೆ.

ಒಂದೊಂದು ದಿನ ಮಾಡಿ, ಯಾರೂ ಕೇಳುವುದಿಲ್ಲ. ಆದರೆ ತಿಂಡಿಯ ಹುಡುಗ ಮನೆ ಹುಡುಕಿಕೊಂಡು ಬರುವುದರೊಳಗೆ ಆಗುವ ಅಡುಗೆಗಳಿವೆ.

ಗೊಜ್ಜವಲಕ್ಕಿಯನ್ನೇ ನೋಡಿ. ಒಂದು ಕಪ್ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆಯಂತೆ ತರಿ ಮಾಡಿ, ತೊಳೆದು ಹಿಂಡಿ, ಹುಣಸೆ ರಸ, ಬೆಲ್ಲ, ಸಾರಿನ ಪುಡಿ, ಉಪ್ಪು ಕಲಸಿದ ನೀರಿನಲ್ಲಿ ನೆನೆಹಾಕಿ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಅರಳಿರುತ್ತದೆ. ಕಡಲೆಬೀಜ, ಕಡಲೆಬೇಳೆ, ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟು ಎರಡು ನಿಮಿಷ ಬೆಚ್ಚಗೆ ಮಾಡಿ ಒಣಕೊಬ್ಬರಿ ತುರಿ ಉದುರಿಸಿ. ಮೊಸರಿದ್ದರೆ ಊಟ ಪೂರ್ತಿ.

ಬಿಸಿಲಿಗೆ ಬಾಡಿ ಬಂದ ದಿನ ತಂಬುಳಿ. ಒಂದು ಚಮಚ ಜೀರಿಗೆ, ಅರ್ಧ ಚಮಚ ಮೆಂತ್ಯ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಮೂರು ಚಮಚ ತೆಂಗಿನತುರಿ ಜೊತೆ ನುಣ್ಣಗೆ ರುಬ್ಬಿ, ಒಂದು ದೊಡ್ಡ ಲೋಟ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ. ಕುದಿಸುವ ಮಾತೇ ಇಲ್ಲ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಒಂದೆಲಗ, ದೊಡ್ಡಪತ್ರೆ, ನೆಲ್ಲಿಕಾಯಿ, ದಾಳಿಂಬೆ ಸಿಪ್ಪೆ ಹೀಗೆ ಕೈಗೆ ಸಿಕ್ಕಿದ್ದರಲ್ಲೆಲ್ಲ ತಂಬುಳಿ ಮಾಡುತ್ತಾರೆ. ಬಾಲ್ಕನಿಯಲ್ಲಿ ಒಂದು ಕುಂಡ ದೊಡ್ಡಪತ್ರೆ ಬೆಳೆಸಿಕೊಳ್ಳಿ. ಒಂದು ಕಡ್ಡಿ ನೆಟ್ಟರೆ ಬರುತ್ತದೆ, ನೀರು ಹಾಕಲು ಮರೆತರೂ ಸಾಯುವುದಿಲ್ಲ.

ನೆಗಡಿ, ಜ್ವರ ಇದ್ದರೆ ಹೆಸರುಬೇಳೆ ಹುಗ್ಗಿ. ಅಕ್ಕಿ, ಹೆಸರುಬೇಳೆ ಸಮಸಮ, ಐದರಷ್ಟು ನೀರು, ಮೆಣಸು, ಜೀರಿಗೆ, ಶುಂಠಿ, ತುಪ್ಪ.

ಉಪ್ಪಿಟ್ಟು ನಿಜಕ್ಕೂ ಕಾಂಕ್ರೀಟ್ ಆಗುತ್ತಿದೆ.

ರವೆಯನ್ನು ಸರಿಯಾಗಿ ಹುರಿದಿಲ್ಲ, ಅಥವಾ ನೀರು ಕಡಿಮೆಯಾಗಿದೆ. ಒಂದು ಕಪ್ ಮಧ್ಯಮ ರವೆಗೆ ಎರಡೂವರೆ ಕಪ್ ನೀರು, ಬನ್ಸಿ ರವೆಗಾದರೆ ಮೂರು. ಬಣ್ಣ ತಿರುಗದಂತೆ, ಸೌಟಿಗೆ ಹಗುರಾಗುವವರೆಗೆ ಹುರಿಯಿರಿ. ಒಗ್ಗರಣೆಗೆ ಎಣ್ಣೆಯಲ್ಲಿ ಜಿಪುಣತನ ಬೇಡ. ನೀರು ಕೊತಕೊತ ಕುದಿಯುವಾಗ ಉರಿ ತಗ್ಗಿಸಿ, ಒಂದು ಕೈಯಲ್ಲಿ ರವೆ ಉದುರಿಸುತ್ತ ಇನ್ನೊಂದು ಕೈಯಲ್ಲಿ ಕೆದಕಿ. ಮುಚ್ಚಿ ಮೂರು ನಿಮಿಷ ಬಿಟ್ಟು ಒಂದು ಚಮಚ ತುಪ್ಪ, ನಿಂಬೆರಸ. ಹಾಸ್ಟೆಲಿನಲ್ಲಿ ಉಪ್ಪಿಟ್ಟನ್ನು ಹೀಗಳೆದವರು ಮನೆಯಲ್ಲಿ ಅವರೆಕಾಳು ಹಾಕಿ ಮಾಡಿದ್ದನ್ನು ಎರಡು ಸಲ ಹಾಕಿಸಿಕೊಳ್ಳುತ್ತಾರೆ.

ಅವರೆಕಾಳು ಯಾವಾಗ ಒಳ್ಳೆಯದು ಸಿಗುತ್ತದೆ?

ಡಿಸೆಂಬರ್, ಜನವರಿ. ಕಾಯಿ ಮೂಗಿನ ಹತ್ತಿರ ಹಿಡಿದಾಗ ಸೊಗಡು ಹೊಡೆಯಬೇಕು. ಆ ದಿನಗಳಲ್ಲಿ ಬೆಂಗಳೂರಿನ ವಿ.ವಿ. ಪುರದ ಆಸುಪಾಸಿನಲ್ಲಿ ಅವರೆಬೇಳೆ ಮೇಳ ನಡೆಯುವುದುಂಟು. ಹಿತಕಿದ ಬೇಳೆ ಸಿದ್ಧವಾಗಿ ಸಿಕ್ಕರೆ ತನ್ನಿ, ಇಬ್ಬರೇ ಕೂತು ಕಿಲೋಗಟ್ಟಲೆ ಹಿತುಕುವುದು ಪ್ರೀತಿಯ ಪರೀಕ್ಷೆ.

ಭಾನುವಾರಕ್ಕೆ ಬಿಸಿಬೇಳೆಬಾತ್ ಮಾಡಬೇಕು. ಸುಲಭ ದಾರಿ ಇದೆಯೇ?

ಇದೆ. ಅರ್ಧ ಕಪ್ ಅಕ್ಕಿ, ಅರ್ಧ ಕಪ್ ತೊಗರಿಬೇಳೆಗೆ ನಾಲ್ಕು ಕಪ್ ನೀರು, ಅರಿಶಿನ ಹಾಕಿ ಐದು ವಿಷಲ್. ಹುರುಳಿಕಾಯಿ, ಕ್ಯಾರೆಟ್, ಬಟಾಣಿ, ನವಿಲುಕೋಸು ಬೇರೆಯಾಗಿ ಬೇಯಿಸಿ ಹುಣಸೆ ರಸ, ಉಪ್ಪು, ಬೆಲ್ಲ, ಎರಡು ದೊಡ್ಡ ಚಮಚ ಬಿಸಿಬೇಳೆಬಾತ್ ಪುಡಿಯಲ್ಲಿ ಕುದಿಸಿ. ಎರಡನ್ನೂ ಸೇರಿಸಿ, ಬಿಸಿನೀರು ಹಾಕುತ್ತ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಬಿಡಿ. ಒಲೆಯ ಮೇಲೆ ಸ್ವಲ್ಪ ನೀರಾಗಿಯೇ ಕಾಣಬೇಕು, ತಟ್ಟೆಗೆ ಬಂದ ಮೇಲೆ ತಾನೇ ಗಟ್ಟಿಯಾಗುತ್ತದೆ. ಪುಡಿ ಕೊಳ್ಳುವಾಗ ಪೊಟ್ಟಣದ ಹಿಂದೆ ಮರಾಠಿ ಮೊಗ್ಗಿನ ಹೆಸರಿದೆಯೇ ನೋಡಿ. ಅದಿಲ್ಲದ್ದು ಬರೀ ತರಕಾರಿ ಹುಳಿಯನ್ನ. ತುಪ್ಪದಲ್ಲಿ ಗೋಡಂಬಿ, ಪಕ್ಕಕ್ಕೆ ಖಾರಾಬೂಂದಿ. ಈ ಅಳತೆಗೆ ಇಬ್ಬರು ತಿಂದು ಮಿಕ್ಕಿದ್ದು ಮರುದಿನದ ಡಬ್ಬಿಗಾಗುತ್ತದೆ.

ನಾನು ಧಾರವಾಡದ ಕಡೆಯವಳು, ಮನೆಯವರು ಮೈಸೂರು. ಅವರಿಗೆ ದಿನಾ ಅನ್ನ, ನನಗೆ ರೊಟ್ಟಿ ಇಲ್ಲದೆ ಹೊಟ್ಟೆ ತುಂಬಲ್ಲ.

ರೊಟ್ಟಿ ಬಡಿಯಲು ಕೂರಬೇಡಿ. ಬೆಂಗಳೂರಿನಲ್ಲಿ ಉತ್ತರ ಕರ್ನಾಟಕದ ಖಾನಾವಳಿ, ರೊಟ್ಟಿ ಅಂಗಡಿಗಳು ಈಗ ಬೇಕಾದಷ್ಟಿವೆ. ಖಡಕ್ ರೊಟ್ಟಿ ತಂದಿಟ್ಟರೆ ವಾರಗಟ್ಟಲೆ ಇರುತ್ತದೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿಯಂಥ ಚಟ್ನಿಪುಡಿಗಳು ತವರಿಂದ ಬರುತ್ತವೆ. ಮಾಡಬೇಕಾದದ್ದು ಝುಣಕ ಒಂದೇ: ಈರುಳ್ಳಿ, ಹಸಿಮೆಣಸು, ಬೆಳ್ಳುಳ್ಳಿ ಒಗ್ಗರಣೆಗೆ ಒಂದೂವರೆ ಕಪ್ ನೀರು ಕುದಿಸಿ ಮುಕ್ಕಾಲು ಕಪ್ ಕಡಲೆಹಿಟ್ಟು ಉದುರಿಸಿ ತಿರುವಿ ಮುಚ್ಚಿಡುವುದು. ಹದಿನೈದು ನಿಮಿಷದ ಕೆಲಸ. ಅದೇ ಝುಣಕ ಅವರ ಅನ್ನ-ಸಾರಿನ ಪಕ್ಕ ನೆಂಚಿಕೊಳ್ಳಲು ಪಲ್ಯವಾಗಿ ಕೂರುತ್ತದೆ. ಜಗಳ ಬರುವುದಾದರೆ ಸಾರಿನ ಬೆಲ್ಲದ ವಿಷಯಕ್ಕೆ ಬರಬಹುದು. ಅದಕ್ಕೆ ಬೆಲ್ಲ ಹಾಕುವ ಮೊದಲೇ ಒಂದು ಬಟ್ಟಲು ತೆಗೆದಿಡಿ.

ದೋಸೆ ಹಿಟ್ಟು ಹುದುಗುತ್ತಿಲ್ಲ.

ಬೆಂಗಳೂರಿನ ಡಿಸೆಂಬರ್ ರಾತ್ರಿ 15-16 ಡಿಗ್ರಿಗೆ ಇಳಿಯುತ್ತದೆ, ಹಿಟ್ಟು ಹುದುಗಿಸುವ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು 30ರ ಆಸುಪಾಸು. ಹಿಟ್ಟಿನ ಪಾತ್ರೆಯನ್ನು ಬಿಸಿನೀರು ತುಂಬಿದ ಅಗಲ ಪಾತ್ರೆಯಲ್ಲಿಟ್ಟು ಮುಚ್ಚಿ, ಹನ್ನೆರಡು ಗಂಟೆ ಕಾಯಿರಿ. ಕಾಯುವುದೇ ಬೇಡವೆಂದರೆ ತುಳುನಾಡಿನ ನೀರುದೋಸೆಯಿದೆ. ನಾಲ್ಕು ಗಂಟೆ ನೆನೆದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಉಪ್ಪು ಹಾಕಿ, ಮಜ್ಜಿಗೆಯಷ್ಟು ತೆಳ್ಳಗೆ ಮಾಡಿ, ಚೆನ್ನಾಗಿ ಕಾದ ಕಾವಲಿಗೆ ಸುರಿದು ಮುಚ್ಚುವುದು. ಹರಡುವುದೂ ಇಲ್ಲ, ತಿರುವಿ ಹಾಕುವುದೂ ಇಲ್ಲ.

ಗಂಡನಿಗೆ ಕಾಫಿ ಬಿಟ್ಟು ಏನೂ ಬರಲ್ಲ. ಏನು ಕಲಿಸಲಿ?

ಚಿತ್ರಾನ್ನ. ಕರ್ನಾಟಕದ ಬ್ರಹ್ಮಚಾರಿಗಳ ಬದುಕು ನಡೆದದ್ದೇ ಅದರ ಮೇಲೆ, ಇವರಿಗೆ ಬರದೇ ಇರದು, ಮರೆತಂತೆ ನಟಿಸುತ್ತಿರಬಹುದು. ಮಾವಿನಕಾಯಿ ಕಾಲದಲ್ಲಿ ನಿಂಬೆಯ ಬದಲು ಮಾವಿನ ತುರಿ ಹಾಕಲು ಹೇಳಿ.

ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನ ಮಾಡಬಹುದೇ?

ಮಾಡಬಹುದು, ಆದರೆ ರಾತ್ರಿಯಿಡೀ ಒಲೆಕಟ್ಟೆಯ ಮೇಲೆ ಬಿಟ್ಟದ್ದನ್ನಲ್ಲ. ಬೇಯಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೆಚ್ಚಗಿನ ಅನ್ನದಲ್ಲಿ ಮೊಳೆತು ವಿಷ ಬಿಡುತ್ತವೆ, ಆ ವಿಷ ಮತ್ತೆ ಒಗ್ಗರಣೆ ಹಾಕಿದರೂ ಹೋಗದು. ಉಂಡೆದ್ದ ಮೇಲೆ ತಟ್ಟೆಯಲ್ಲಿ ಹರಡಿ ಆರಿಸಿ ಬೇಗ ಫ್ರಿಜ್‌ಗೆ ಹಾಕಿ. ಮಧ್ಯಾಹ್ನದ ಡಬ್ಬಿಗೆ ಮೊಸರನ್ನ ಕಟ್ಟುವವರು ಅನ್ನವನ್ನು ಹಾಲಿನಲ್ಲಿ ಕಿವುಚಿ ಒಂದೇ ಚಮಚ ಮೊಸರು ಬೆರೆಸಿ. ಊಟದ ಹೊತ್ತಿಗೆ ಹದವಾಗಿರುತ್ತದೆ, ಹುಳಿಯಾಗಿರುವುದಿಲ್ಲ.

ಅಮೆರಿಕದಲ್ಲಿದ್ದೇವೆ. ಒಗ್ಗರಣೆ ಹಾಕಿದರೆ ಹೊಗೆ ಅಲಾರಂ ಕೂಗುತ್ತದೆ.

ಅಲಾರಂ ಕಿತ್ತಿಡಬೇಡಿ. ವಿದ್ಯುತ್ತಿನ ಕಾಯಿಲ್ ಒಲೆಯ ಬಿಸಿ ಇಳಿಯಲು ಹೊತ್ತು ಹಿಡಿಯುತ್ತದೆ. ಮಧ್ಯಮದಲ್ಲಿಟ್ಟು, ಸಾಸಿವೆ ಸಿಡಿಯಲು ಶುರುವಾದೊಡನೆ ಸೌಟನ್ನು ಪಕ್ಕಕ್ಕೆ ತೆಗೆದು ಉಳಿದದ್ದನ್ನೆಲ್ಲ ಎಣ್ಣೆಯ ಕಾವಿನಲ್ಲೇ ಹಾಕಿ. ಬ್ಯಾಡಗಿ ಸಿಗದಿದ್ದರೆ ಕಾಶ್ಮೀರಿ ಮೆಣಸಿನಕಾಯಿ ಬಣ್ಣ ಕೊಡುತ್ತದೆ. ತೆಂಗಿನತುರಿ ಫ್ರೋಜನ್ ಸಿಗುತ್ತದೆ, ಕರಿಬೇವನ್ನು ಒರೆಸಿ ಒಣಗಿಸಿ ನೀವೇ ಫ್ರೀಜರಿಗೆ ಹಾಕಿಡಿ. ದೋಸೆ ಹಿಟ್ಟು ಹುದುಗಬೇಕಾದರೆ ಓವನ್ ಒಳಗಿಟ್ಟು ಅದರೊಳಗಿನ ಲೈಟ್ ಮಾತ್ರ ಹಾಕಿ.

ಅತ್ತೆ-ಮಾವ ಮೊದಲ ಸಲ ಬರುತ್ತಿದ್ದಾರೆ. ಏನು ಮಾಡಲಿ?

ಹೊಸ ಪ್ರಯೋಗ ಮಾತ್ರ ಬೇಡ. ಕೈ ಕುದುರಿದ ಹುಳಿ ಅಥವಾ ಸಾರು, ಹುರುಳಿಕಾಯಿ ಪಲ್ಯ, ಒಂದು ಗಂಟೆ ನೆನೆದ ಹೆಸರುಬೇಳೆ ಕೋಸಂಬರಿ, ಹಪ್ಪಳ, ಶಾವಿಗೆ ಪಾಯಸ. ಕೋಸಂಬರಿಗೆ ಉಪ್ಪು ಬಡಿಸುವ ಮುಂಚೆ ಹಾಕಿ, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಡುತ್ತದೆ. ಉಣ್ಣುತ್ತ ಅತ್ತೆಯವರು ‘ನಮ್ಮಲ್ಲಿ ಸಾರಿಗೆ ಬೆಳ್ಳುಳ್ಳಿ ಹಾಕ್ತೀವಮ್ಮ’ ಅಂದರೆ ಮುನಿಸಿಕೊಳ್ಳದೆ ‘ಎಷ್ಟು ಎಸಳು ಅತ್ತೆ?’ ಅಂತ ಕೇಳಿಬಿಡಿ. ಸಂಜೆಯ ಅಡುಗೆ ಅವರೇ ಮಾಡಿಯಾರು.

ಉಪ್ಪು ಹೆಚ್ಚಾದರೆ?

ಆಲೂಗಡ್ಡೆ ಹಾಕಿದರೆ ಉಪ್ಪು ಹೀರುತ್ತದೆ ಅನ್ನುತ್ತಾರೆ. ಅದು ಹೀರುವುದು ಸಾರನ್ನೇ, ಉಳಿದದ್ದು ಅಷ್ಟೇ ಉಪ್ಪಾಗಿರುತ್ತದೆ. ಫ್ರಿಜ್‌ನಲ್ಲಿರುವ ಸಪ್ಪೆ ಬೇಳೆ, ನೀರು, ಒಂದಿಷ್ಟು ಹುಳಿ ಸೇರಿಸಿ ಸಾರು ಬೆಳೆಸಿ. ಪಲ್ಯಕ್ಕಾದರೆ ತೆಂಗಿನತುರಿ ಅಥವಾ ಹುರಿಗಡಲೆ ಪುಡಿ ಉದುರಿಸಬಹುದು. ಉಪ್ಪಿಟ್ಟಿಗೆ ಹೆಚ್ಚಾದರೆ ಬೇರೆ ದಾರಿಯಿಲ್ಲ, ಗಟ್ಟಿ ಮೊಸರನ್ನು ಉಪ್ಪು ಹಾಕದೆ ಪಕ್ಕಕ್ಕೆ ಬಡಿಸಿ.